ಹಾಸ್ಟೆಲ್ ತಟ್ಟೆ, ಖಾಲಿ ಮೈದಾನ

ಕಾಲೇಜು ಹುಡುಗ ಹುಡುಗಿಯರಿಗೆ ಆರೋಗ್ಯದ ಉಪದೇಶಕ್ಕೆ ಬರವಿಲ್ಲ. ಬರ ಇರುವುದು ಹೊತ್ತಿಗೆ ಸರಿಯಾಗಿ ಸಿಗುವ ತಿಂಡಿಗೆ, ಆಡಲು ಬಯಲಿಗೆ, ಒಂದಿಷ್ಟು ಬಿಡುವಿಗೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಓದುವ ಮಗುವಿನ ಹೊಟ್ಟೆಯ ಬಗ್ಗೆ ಹತ್ತನೇ ತರಗತಿಯವರೆಗೆ ವಿಚಾರಿಸುವವರಿದ್ದಾರೆ. ಅಕ್ಷರ ದಾಸೋಹದ ಬಿಸಿಯೂಟವಿದೆ. 2013ರಿಂದ ಕ್ಷೀರಭಾಗ್ಯದ ಹಾಲಿದೆ. ಮೊಟ್ಟೆಯಿದೆ, ತಿನ್ನದವರಿಗೆ ಬಾಳೆಹಣ್ಣಿದೆ. ರಾಗಿ ಮಾಲ್ಟ್ ಕೂಡ ಸೇರಿದೆ. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ ಇದೆ, ಸೀಟಿ ಊದಿ ಮೈದಾನಕ್ಕೆ ಕರೆಯುವ ಪಿ.ಟಿ. ಮೇಷ್ಟ್ರಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಅದೇ ಮಗು ಪಿಯುಸಿಗೆ ಸೇರಿದ ದಿನ ಇವೆಲ್ಲ ಒಮ್ಮೆಗೇ ನಿಂತುಹೋಗುತ್ತವೆ. ಹದಿನಾರನೇ ವಯಸ್ಸಿಗೆ ಹಸಿವೇನೂ ಕಡಿಮೆಯಾಗಿರುವುದಿಲ್ಲ, ಕೇಳುವವರು ಮಾತ್ರ ಇರುವುದಿಲ್ಲ.

ಬೆಳಗ್ಗೆ ಆರೂವರೆಗೆ ಊರ ಸ್ಟಾಪಿನಲ್ಲಿ ನಿಂತು ತಾಲ್ಲೂಕು ಕೇಂದ್ರದ ಬಸ್ಸು ಹಿಡಿಯುವ ಹುಡುಗಿಯ ಮನೆಯಲ್ಲಿ ಆಗಿನ್ನೂ ಒಲೆ ಹೊತ್ತಿರುತ್ತದೆ ಅಷ್ಟೆ. ಒಂದು ಲೋಟ ಚಹಾ, ಕೈಗೆ ಸಿಕ್ಕರೆ ಎರಡು ಬಿಸ್ಕತ್ತು, ಅಷ್ಟರಲ್ಲೇ ಬಸ್ಸು ಬಂದಿರುತ್ತದೆ. ಬೆಂಗಳೂರಿನ ಪಿ.ಜಿ.ಯಲ್ಲಿರುವ ಹುಡುಗನದು ಇನ್ನೊಂದು ಬಗೆ. ರಾತ್ರಿ ಎರಡಕ್ಕೆ ಮೊಬೈಲ್ ಕೆಳಗಿಟ್ಟವನು ಎಂಟೂಮುಕ್ಕಾಲಿಗೆ ಏಳುತ್ತಾನೆ. ಒಂಬತ್ತರ ಕ್ಲಾಸಿಗೆ ಓಡುವ ಹೊತ್ತಿಗೆ ಪಿ.ಜಿ.ಯ ಉಪ್ಪಿಟ್ಟು ಆರಿ ಗಟ್ಟಿಯಾಗಿರುತ್ತದೆ. ಇಬ್ಬರೂ ಹೊಟ್ಟೆಗೆ ಹಿಡಿಯುವಂಥ ಮೊದಲ ತುತ್ತು ಬಾಯಿಗಿಡುವುದು ಹನ್ನೊಂದರ ಬ್ರೇಕಿನಲ್ಲಿ, ಕಾಲೇಜು ಕ್ಯಾಂಟೀನಿನಲ್ಲಿ. ಹಿಂದಿನ ರಾತ್ರಿಯ ಊಟಕ್ಕೂ ಇದಕ್ಕೂ ನಡುವೆ ಹದಿಮೂರು–ಹದಿನಾಲ್ಕು ಗಂಟೆ ಕಳೆದಿರುತ್ತದೆ.

ಇವರಿಗೆ ತಿಳಿವಳಿಕೆ ಕಡಿಮೆಯೇ? ಖಂಡಿತ ಇಲ್ಲ. ಪ್ರೋಟೀನ್, ಕ್ಯಾಲೊರಿ, ಕಾರ್ಬ್ಸ್ ಎಂಬ ಮಾತುಗಳನ್ನು ಇವರು ನಮಗಿಂತ ಚೆನ್ನಾಗಿ ಬಲ್ಲರು. ದಿನಕ್ಕೆ ನಾಲ್ಕಾರು ಫಿಟ್‌ನೆಸ್ ರೀಲ್ ನೋಡುತ್ತಾರೆ. ಗೊತ್ತಿರುವುದು ಮಾಡಲಾಗುತ್ತಿಲ್ಲ ಎಂದಾದರೆ ತೊಡಕು ತಲೆಯಲ್ಲಿಲ್ಲ, ಸುತ್ತಲಿನ ಏರ್ಪಾಡಿನಲ್ಲಿದೆ. ಕಾಲೇಜುಗಳೂ ಪೋಷಕರೂ ಕೈಹಾಕಬೇಕಾದದ್ದು ಅಲ್ಲಿಗೇ.

ಹದಿನೈದು ನಿಮಿಷದ ಬ್ರೇಕು

ಯಾವುದಾದರೂ ಪದವಿ ಕಾಲೇಜಿನ ಕ್ಯಾಂಟೀನಿಗೆ ಹನ್ನೊಂದು ಗಂಟೆಗೆ ಹೋಗಿ ನಿಂತು ನೋಡಿ. ಗಂಟೆ ಹೊಡೆದ ಎರಡೇ ನಿಮಿಷಕ್ಕೆ ಕೌಂಟರಿನ ಮುಂದೆ ನೂಕುನುಗ್ಗಲು. ಕಣ್ಣಿನ ಮಟ್ಟಕ್ಕೆ ಗಾಜಿನ ಪೆಟ್ಟಿಗೆ, ಅದರೊಳಗೆ ಬಲ್ಬಿನ ಬಿಸಿಗೆ ಕೂತ ಪಫ್ಸು, ಸಮೋಸ, ದಿಲ್‌ಪಸಂದ್. ಮೇಲೆ ಸಾಲಾಗಿ ತೂಗುಬಿಟ್ಟ ಚಿಪ್ಸಿನ ಪೊಟ್ಟಣಗಳು. ಪಕ್ಕದಲ್ಲಿ ಕಂಪನಿಯ ಹೆಸರು ಹೊತ್ತ ಗಾಜಿನ ಬಾಗಿಲಿನ ಫ್ರಿಜ್ಜು, ಅದರ ತುಂಬ ಬಣ್ಣಬಣ್ಣದ ಬಾಟಲಿ. ಇಡ್ಲಿ, ಚಿತ್ರಾನ್ನ, ಪೂರಿ–ಸಾಗು ಒಳಗಡೆ ಇವೆ. ಅದಕ್ಕೆ ಟೋಕನ್ ಪಡೆದು ಇನ್ನೊಂದು ಸಾಲಿನಲ್ಲಿ ನಿಲ್ಲಬೇಕು. ಬಾಳೆಹಣ್ಣು ಗೇಟಿನಾಚೆಯ ತಳ್ಳುಗಾಡಿಯಲ್ಲಿದೆ. ಕುಡಿಯುವ ನೀರು ಕೈ ತೊಳೆಯುವ ತೊಟ್ಟಿಯ ಪಕ್ಕದ ಮೂಲೆಯಲ್ಲಿದೆ. ತಿಂದು, ಕೈ ತೊಳೆದು, ಎರಡನೇ ಮಹಡಿ ಹತ್ತಿ, ಹಾಜರಿ ಕೂಗುವ ಮೊದಲು ಬೆಂಚಿನಲ್ಲಿ ಕೂರಬೇಕಾದ ಹುಡುಗ ಏನು ಕೊಳ್ಳುತ್ತಾನೆ ಎಂಬುದನ್ನು ಅವನ ನಾಲಗೆಗಿಂತ ಮೊದಲು ಆ ಕೌಂಟರೇ ತೀರ್ಮಾನಿಸಿರುತ್ತದೆ.

ಹಾಗೆ ಕೊಂಡ 300 ಮಿಲಿಲೀಟರಿನ ಒಂದು ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ, ಎಂದರೆ ಎಂಟು ಚಮಚ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ 10ನ್ನು ಮೀರಬಾರದು, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2,000 ಕ್ಯಾಲೊರಿ ತಿನ್ನುವವರಿಗೆ ಆ ಶೇ 5 ಎಂದರೆ 25 ಗ್ರಾಂ. ಒಂದೇ ಬಾಟಲಿ ದಿನದ ಲೆಕ್ಕವನ್ನು ದಾಟಿಸಿಬಿಡುತ್ತದೆ. ಟೀ, ಬಿಸ್ಕತ್ತು, ಬೇಕರಿ ಬನ್ನು ಇನ್ನೂ ಹೊರಗೇ ಉಳಿದಿವೆ.

ಸಂಜೆ ಗೇಟಿನ ಹೊರಗೆ ಗೋಬಿ ಮಂಚೂರಿಯ ಗಾಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮೈನ್–ಬಿ ಎಂಬ ಬಣ್ಣದ ಹೆಸರು ಆಗ ಮನೆಮನೆಯ ಮಾತಾಯಿತು. ಬಣ್ಣ ಹೋದರೂ ಮೈದಾ, ಕಾರ್ನ್‌ಫ್ಲೋರ್, ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ಸಾಸಿನ ಉಪ್ಪು ಉಳಿದೇ ಇವೆ. ವಾರಕ್ಕೊಮ್ಮೆ ಗೆಳೆಯರ ಜತೆ ಒಂದು ತಟ್ಟೆ ತಿಂದರೆ ಮುಳುಗುವಂಥದ್ದೇನಿಲ್ಲ. ಅದು ದಿನನಿತ್ಯದ ಮೂರನೇ ಊಟವಾದಾಗ ತೊಂದರೆ ಶುರು.

ತೆಳ್ಳಗಿದ್ದೇನೆ, ನನಗೇನು?

‘ನಾನು ದಪ್ಪ ಇಲ್ವಲ್ಲ’ ಎಂಬುದು ಈ ವಯಸ್ಸಿನವರ ಮಾಮೂಲಿ ಉತ್ತರ. ಇದಕ್ಕೆ ಒಂದು ಪ್ರಸಿದ್ಧ ಛಾಯಾಚಿತ್ರ ಜವಾಬು ಕೊಡುತ್ತದೆ. 2004ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳು ಅಕ್ಕಪಕ್ಕ ನಿಂತ ಚಿತ್ರ ಅಚ್ಚಾಯಿತು. ಒಬ್ಬರು ಪುಣೆಯ ಮಧುಮೇಹ ತಜ್ಞ ಚಿತ್ತರಂಜನ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಇಬ್ಬರದೂ ಒಂದೇ, 22.3. ನೋಡುವ ಕಣ್ಣಿಗೆ ಇಬ್ಬರೂ ತೆಳ್ಳಗೆ. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2.

ಒಂದೇ ತೂಕದ ಯುರೋಪಿನವರಿಗೆ ಹೋಲಿಸಿದರೆ ನಮ್ಮವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಅದರಲ್ಲೂ ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಶೇಖರವಾಗುವ ಕೊಬ್ಬು ಹೆಚ್ಚು. ತಕ್ಕಡಿ ಇದನ್ನು ಹೇಳುವುದಿಲ್ಲ. ಬೇರೆಡೆ ಬಿಎಂಐ 25 ದಾಟಿದರೆ ತೂಕ ಹೆಚ್ಚು ಎಂದರೆ, ನಮ್ಮಲ್ಲಿ 23ಕ್ಕೇ ಎಚ್ಚರಿಸುವುದು ಈ ಕಾರಣಕ್ಕೆ. ಸಪೂರ ಮೈಯ ಹುಡುಗನಿಗೆ ಪುಟ್ಟ ಹೊಟ್ಟೆ ಬಂದರೆ ಮನೆಯವರು ‘ಈಗ ಮೈ ಹತ್ತಿತು’ ಎಂದು ಖುಷಿಪಡುತ್ತಾರೆ. ವೈದ್ಯರು ಪಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂಬ ಅಂದಾಜು ಹೊರಬಿತ್ತು. ನಲವತ್ತರಲ್ಲಿ ಕಾಣಿಸಿಕೊಳ್ಳುವ ಈ ಕಾಯಿಲೆಯ ಬೇರು ಇಳಿಯುವುದು ಇಪ್ಪತ್ತರ ಆಸುಪಾಸಿನಲ್ಲಿ.

ಸುಸ್ತಿನ ಹಿಂದಿನ ಕಾರಣ

ಹುಡುಗಿಯರದು ಇನ್ನೊಂದು ದೊಡ್ಡ ಕೊರತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲೂ ಶೇ 31. ಇದು ಹಿಂದಿನ ಸಮೀಕ್ಷೆಗಿಂತ ಇಳಿದದ್ದಲ್ಲ, ಏರಿದ್ದು.

ರಕ್ತದ ಹಿಮೋಗ್ಲೋಬಿನ್ ಕಡಿಮೆಯಾದರೆ ಮೆದುಳಿಗೂ ಸ್ನಾಯುವಿಗೂ ಆಮ್ಲಜನಕ ಸಾಲುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಪಾಠಕ್ಕೆ ತೂಕಡಿಕೆ, ಓದಿದ್ದು ತಲೆಗೆ ಹತ್ತದಿರುವುದು ಇವೆಲ್ಲ ಅದರ ಗುರುತು. ಇದನ್ನೇ ಮನೆಯಲ್ಲಿ ‘ಸೋಮಾರಿತನ’ ಎಂದು ಬೈಯುತ್ತೇವೆ. ಇಂಥವಳಿಗೆ ‘ದಿನಾ ಓಡು, ವ್ಯಾಯಾಮ ಮಾಡು’ ಎಂದರೆ ಎರಡನೇ ದಿನಕ್ಕೇ ಕೈಬಿಡುತ್ತಾಳೆ. ಮೊದಲು ರಕ್ತ ಪರೀಕ್ಷೆ ಆಗಬೇಕು, ಅಗತ್ಯವಿದ್ದರೆ ವೈದ್ಯರು ಹೇಳಿದ ಕಬ್ಬಿಣದ ಮಾತ್ರೆ ಆಗಬೇಕು, ಓಟ ಆಮೇಲಿನದು.

ಊಟದಲ್ಲೂ ಸಣ್ಣ ಜಾಣ್ಮೆ ಬೇಕು. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರಿಕೊಳ್ಳದು. ಹುಳಿಹಣ್ಣಿನ ಸಿ ಜೀವಸತ್ವ ಜತೆಗಿದ್ದರೆ ಹೀರುವಿಕೆ ಹೆಚ್ಚುತ್ತದೆ, ಊಟದ ಬೆನ್ನಿಗೇ ಟೀ–ಕಾಫಿ ಕುಡಿದರೆ ತಗ್ಗುತ್ತದೆ. ಹೆಸರುಬೇಳೆ ಕೋಸಂಬರಿಗೆ ನಿಂಬೆರಸ ಹಿಂಡುವ ನಮ್ಮ ರೂಢಿ ಇಲ್ಲಿ ಲಾಭಕ್ಕೆ ಬರುತ್ತದೆ. ಊಟವಾದ ಕೂಡಲೇ ಕ್ಯಾಂಟೀನಿನ ಟೀಗೆ ಓಡುವ ರೂಢಿ ಅದನ್ನು ಕಳೆಯುತ್ತದೆ. ಟೀ ಬೇಕೇಬೇಕೆಂದರೆ ಒಂದು ಗಂಟೆ ತಡೆದು ಕುಡಿಯಬಹುದು.

ಇನ್ನೊಂದು ವಿಷಯವನ್ನು ಯಾರೂ ಸಭೆಯಲ್ಲಿ ಎತ್ತುವುದಿಲ್ಲ. ಕಾಲೇಜಿನ ಶೌಚಾಲಯ ಕಾಲಿಡುವಂತಿಲ್ಲ ಎಂಬ ಕಾರಣಕ್ಕೆ ಬೆಳಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದೆ ಇರುವ ಹುಡುಗಿಯರಿದ್ದಾರೆ. ತಲೆನೋವು, ಮೂತ್ರನಾಳದ ಸೋಂಕು ಬಂದಾಗ ಮಾತ್ರೆ ನುಂಗುತ್ತಾರೆ. ಇವರಿಗೆ ನೀರಿನ ಮಹತ್ವದ ಭಾಷಣಕ್ಕಿಂತ ಬಕೆಟ್ಟು, ಬೆಳಕು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಹೆಚ್ಚು ಉಪಕಾರಿ.

ಖಾನಾವಳಿಯ ಪಾಠ

ಆರೋಗ್ಯದ ಊಟ ಎಂದರೆ ಓಟ್ಸು, ಕಿನೋವಾ, ಆವಕಾಡೊ ಎಂಬ ಭ್ರಮೆ ರೀಲುಗಳಿಂದ ಬಂದದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿತು. ದಿನಕ್ಕೆ 2,000 ಕ್ಯಾಲೊರಿಯ ಊಟಕ್ಕೆ ಅದು ಕೊಡುವ ಲೆಕ್ಕ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಶೇಂಗಾ ಮುಂತಾದ ಬೀಜ 35 ಗ್ರಾಂ. ಒಟ್ಟು ಶಕ್ತಿಯಲ್ಲಿ ಧಾನ್ಯದ ಪಾಲು ಶೇ 45ನ್ನು ಮೀರಬಾರದು ಎನ್ನುವ ಸಂಸ್ಥೆ, ನಮ್ಮ ಊಟದಲ್ಲಿ ಅದು ಶೇ 50ರಿಂದ 70ರಷ್ಟಿದೆ ಎಂದೂ ಹೇಳುತ್ತದೆ.

ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ಧಾರವಾಡದ ಯಾವುದಾದರೂ ರೊಟ್ಟಿ ಖಾನಾವಳಿಗೆ ಹೋಗಿ ಕೂರಿ. ಎರಡು ಜೋಳದ ರೊಟ್ಟಿ. ಒಂದು ಬಟ್ಟಲು ಮಡಕಿ ಕಾಳಿನ ಪಲ್ಯ, ಇನ್ನೊಂದರಲ್ಲಿ ಎಣಗಾಯಿ ಅಥವಾ ಪುಂಡಿ ಪಲ್ಯ. ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಗಜ್ಜರಿ, ಉಳ್ಳಾಗಡ್ಡಿ. ಶೇಂಗಾ ಚಟ್ನಿ, ಅಗಸಿ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು. ಕೊನೆಗೆ ಸ್ವಲ್ಪ ಅನ್ನ, ಸಾರು, ಮಜ್ಜಿಗೆ. ಧಾನ್ಯ, ಕಾಳು, ಸೊಪ್ಪು, ಬೀಜ, ಮೊಸರು ಎಲ್ಲ ಇದೆ. ಪೋಷಣಾ ತಜ್ಞರು ಹೊಸದಾಗಿ ಸೇರಿಸಲು ಉಳಿಯುವುದು ಒಂದು ಹಣ್ಣು ಮಾತ್ರ. ಖೋಲಿ ಮಾಡಿಕೊಂಡು ಓದಿದ ಆ ಭಾಗದ ಹಳಬರನ್ನು ಕೇಳಿದರೆ ಊರ ಬಸ್ಸಿನಲ್ಲಿ ಅವ್ವ ಕಳಿಸುತ್ತಿದ್ದ ರೊಟ್ಟಿ ಬುತ್ತಿಯ ಕಥೆ ಹೇಳುತ್ತಾರೆ. ಒಣಗಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೊಂಡ ಮೊಸರು ಇಷ್ಟರ ಮೇಲೆ ಡಿಗ್ರಿ ಮುಗಿಸಿದವರು ಅನೇಕರು. ಹಳೇ ಮೈಸೂರಿನ ಮುದ್ದೆ–ಬಸ್ಸಾರಿಗೂ ಕರಾವಳಿಯ ಕುಚ್ಚಲಕ್ಕಿ ಗಂಜಿ–ಹುರುಳಿ ಚಟ್ನಿಗೂ ಇದೇ ಮಾತು ಸಲ್ಲುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು. ಮೂಳೆ ಗಟ್ಟಿಯಾಗುವ ಕೆಲಸ ಮೂವತ್ತರೊಳಗೆ ಮುಗಿಯುವುದರಿಂದ ಈ ವಯಸ್ಸಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಹಾಗಾದರೆ ಪಿ.ಜಿ., ಹಾಸ್ಟೆಲ್ ತಟ್ಟೆ ಎಲ್ಲಿ ಸೋಲುತ್ತದೆ? ಅಕ್ಕಿಯ ರಾಶಿಯಲ್ಲಿ, ಬೇಳೆ ಹುಡುಕಬೇಕಾದ ಸಾಂಬಾರಿನಲ್ಲಿ. ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂಬುದು ನಮ್ಮ ದೇಶದ ಶಿಫಾರಸು. 55 ಕಿಲೋ ತೂಗುವ ಹುಡುಗಿಗೆ ದಿನಕ್ಕೆ 46 ಗ್ರಾಂ ಆಯಿತು. ಟೀ–ಬಿಸ್ಕತ್ತು, ಚಿತ್ರಾನ್ನ, ಅನ್ನ–ತಿಳಿಸಾರು, ಪಫ್ಸು, ರಾತ್ರಿ ಮತ್ತೆ ಅನ್ನ–ಸಾಂಬಾರು ಎಂದು ದಿನ ಕಳೆದರೆ ಮೂವತ್ತರ ಆಸುಪಾಸಿನಲ್ಲೇ ಲೆಕ್ಕ ನಿಲ್ಲುತ್ತದೆ. ಇದನ್ನು ಸರಿದೂಗಿಸಲು ಮೂರು ಸಾವಿರ ರೂಪಾಯಿಯ ಪುಡಿ ಡಬ್ಬಿ ಬೇಡ. ಒಂದು ಬೇಯಿಸಿದ ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಹುರಿದ ಶೇಂಗಾದಲ್ಲಿ 7 ಗ್ರಾಂ, ರಾತ್ರಿ ನೆನೆಹಾಕಿದ ಒಂದು ಹಿಡಿ ಹೆಸರುಕಾಳಿನಲ್ಲಿ ಇನ್ನೊಂದು 7 ಗ್ರಾಂ ಸಿಗುತ್ತದೆ. ಮೂರೂ ಸೇರಿ ಒಂದು ತಟ್ಟೆ ಗೋಬಿಯ ಬೆಲೆಯಾಗದು. ಮೊಟ್ಟೆ ತಿನ್ನದವರು ಹುರಿಗಡಲೆ, ಮೊಸರಿನಿಂದ ಆ ಜಾಗ ತುಂಬಿಕೊಳ್ಳಬಹುದು. ಒಲೆ, ಫ್ರಿಜ್ಜು ಇಲ್ಲದ ಕೋಣೆಯಲ್ಲೂ ಶೇಂಗಾ, ಹುರಿಗಡಲೆ, ಬೆಲ್ಲ, ಬಾಳೆಹಣ್ಣು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಕಪ್ ಗೆದ್ದರೆ ಸಾಲದು

ಇನ್ನು ಮೈದಾನದ ಮಾತು. ನಮ್ಮ ಕಾಲೇಜುಗಳಲ್ಲಿ ಕ್ರೀಡೆ ಎಂದರೆ ತಂಡ. ಕಬಡ್ಡಿಗೆ, ವಾಲಿಬಾಲ್‌ಗೆ, ಖೋಖೋಗೆ ಹತ್ತಾರು ಮಂದಿಯನ್ನು ಆರಿಸುತ್ತಾರೆ. ಅವರು ಅಂತರಕಾಲೇಜು ಪಂದ್ಯಕ್ಕೆ ಹೋಗುತ್ತಾರೆ, ಪ್ರಾಂಶುಪಾಲರ ಕೊಠಡಿಯ ಕಪಾಟಿಗೆ ಕಪ್ಪು ಬರುತ್ತದೆ. ಉಳಿದ ಸಾವಿರ ವಿದ್ಯಾರ್ಥಿಗಳು ಕ್ರೀಡಾ ಶುಲ್ಕ ಕಟ್ಟಿ ಚಪ್ಪಾಳೆ ತಟ್ಟುತ್ತಾರೆ.

ಈ ಪದ್ಧತಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಅಮೆರಿಕದ ರಾಲ್ಫ್ ಪಾಫೆನ್‌ಬಾರ್ಗರ್ ಪರೀಕ್ಷಿಸಿ ನೋಡಿದರು. 1916ರಿಂದ 1950ರ ನಡುವೆ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದ್ದ 16,936 ಹಳೆಯ ವಿದ್ಯಾರ್ಥಿಗಳ ಬದುಕನ್ನು ಅವರ ತಂಡ ಹಿಂಬಾಲಿಸಿತು. 1978ರಲ್ಲಿ ಬಂದ ಫಲಿತಾಂಶದ ಪ್ರಕಾರ ವಾರಕ್ಕೆ 2,000 ಕ್ಯಾಲೊರಿಗಿಂತ ಕಡಿಮೆ ಶಕ್ತಿಯನ್ನು ನಡಿಗೆ, ಮೆಟ್ಟಿಲು, ಆಟಗಳಲ್ಲಿ ಖರ್ಚು ಮಾಡಿದವರಿಗೆ ಹೃದಯಾಘಾತದ ಸಂಭವ ಉಳಿದವರಿಗಿಂತ ಶೇ 64ರಷ್ಟು ಹೆಚ್ಚಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿ ಮುಂದಿದೆ. ಕಾಲೇಜಿನಲ್ಲಿ ತಂಡದ ಆಟಗಾರರಾಗಿ ಮಿಂಚಿ ಆಮೇಲೆ ಕುರ್ಚಿ ಹಿಡಿದವರಿಗೆ ಹಳೆಯ ಆಟ ಯಾವ ರಕ್ಷಣೆಯನ್ನೂ ಕೊಡಲಿಲ್ಲ. ಕಾಲೇಜಿನಲ್ಲಿ ಮೈದಾನಕ್ಕೆ ಇಳಿಯದಿದ್ದರೂ ಮುಂದೆ ಮೈ ಬಳಸುತ್ತ ಬದುಕಿದವರು ಕ್ಷೇಮವಾಗಿದ್ದರು. ಪದಕಕ್ಕೆ ಇಲ್ಲದ ಬಲ ರೂಢಿಗೆ ಇದೆ.

ಇದಕ್ಕೂ ಮೊದಲು, 1953ರಲ್ಲಿ, ಲಂಡನ್ನಿನ ಜೆರೆಮಿ ಮಾರಿಸ್ ಬಸ್ ನೌಕರರನ್ನು ಅಧ್ಯಯನ ಮಾಡಿದ್ದರು. ಡಬಲ್ ಡೆಕರ್ ಬಸ್ಸಿನಲ್ಲಿ ದಿನವಿಡೀ ಕೂತಿರುವ ಚಾಲಕರಿಗಿಂತ, ಮೇಲೆ ಕೆಳಗೆ ಓಡಾಡಿ ಟಿಕೆಟ್ ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಎಂಬುದು ಅದರಿಂದ ತಿಳಿಯಿತು. ನಿರ್ವಾಹಕರು ಯಾರೂ ಜಿಮ್ಮಿಗೆ ಹೋಗುತ್ತಿರಲಿಲ್ಲ. ಮೆಟ್ಟಿಲು ಹತ್ತುವುದೇ ಅವರ ಕೆಲಸವಾಗಿತ್ತು.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಮಾಡಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. 2022ರ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇಷ್ಟನ್ನೂ ಮಾಡುತ್ತಿಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಹೆಂಗಸರ ಸಂಖ್ಯೆ ಯಾಕೆ ಹೆಚ್ಚು ಎಂಬುದಕ್ಕೆ ಕಾಲೇಜು ಮೈದಾನವೇ ಉತ್ತರ ಕೊಡುತ್ತದೆ. ಸಂಜೆ ಐದಕ್ಕೆ ಅಲ್ಲಿ ಹುಡುಗರ ಕ್ರಿಕೆಟ್ಟು. ಆರೂವರೆಗೆ ಹುಡುಗಿಯರ ಹಾಸ್ಟೆಲಿನ ಗೇಟು ಬೀಳುತ್ತದೆ. ಊರ ಬಸ್ಸು ಹಿಡಿಯಬೇಕಾದವರಿಗೆ ಅಷ್ಟೂ ಹೊತ್ತಿಲ್ಲ.

ಹಾಗೆಂದು ಮೈದಾನವೊಂದೇ ದಾರಿಯಲ್ಲ. ಮೈಸೂರಿನ ಮಾನಸಗಂಗೋತ್ರಿಯ ವಿದ್ಯಾರ್ಥಿಗಳಿಗೆ ಪಕ್ಕದಲ್ಲೇ ಕುವೆಂಪು ನಡೆದಾಡಿದ ಕುಕ್ಕರಹಳ್ಳಿ ಕೆರೆಯ ದಂಡೆಯಿದೆ. ಎಲ್ಲರಿಗೂ ಅಂಥ ಭಾಗ್ಯವಿಲ್ಲದಿದ್ದರೂ ಒಂದು ಸ್ಟಾಪು ಮೊದಲೇ ಇಳಿಯುವುದು, ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುವುದು, ಕೋಣೆಯಲ್ಲೇ ಬಸ್ಕಿ, ದಂಡ, ಸೂರ್ಯ ನಮಸ್ಕಾರ ಮಾಡುವುದು ಕೈಲಾಗದ ಕೆಲಸವಲ್ಲ. ನಮ್ಮ ಗರಡಿಮನೆಗಳ ಪೈಲ್ವಾನರು ಯಂತ್ರವಿಲ್ಲದೆ ಮೈ ಕಟ್ಟಿದ್ದು ಇವೇ ಬಸ್ಕಿ–ದಂಡಗಳಿಂದ. ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಡುವುದರ ಹಿಂದೆಯೂ ವಿಜ್ಞಾನವಿದೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಮೊದಲ ಪಿರಿಯಡ್ಡಿನ ತೂಕಡಿಕೆಯೂ ತುಸು ತಗ್ಗುತ್ತದೆ.

ಪುಡಿ, ಡಬ್ಬಿ, ಸೂಜಿ

ಮೈ ಕಟ್ಟುವ ಆಸೆ ಒಳ್ಳೆಯದೇ. ಅದರ ಸುತ್ತ ಬೆಳೆದ ವ್ಯಾಪಾರದ ಬಗ್ಗೆ ಮಾತ್ರ ಹುಷಾರಾಗಿರಬೇಕು. ಜಿಮ್ಮಿನ ಟ್ರೇನರ್ ಕೊಡಿಸುವ ಪುಡಿಯ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಬೇಕು. ‘ಮೂರು ತಿಂಗಳಲ್ಲಿ ಬಾಡಿ’ ಎಂದು ಸೂಜಿ ಚುಚ್ಚಲು ಬಂದರೆ ಆ ಜಿಮ್ಮನ್ನೇ ಬಿಡಬೇಕು. ಅಂಥ ಸೂಜಿಯ ಅನಬಾಲಿಕ್ ಸ್ಟೆರಾಯ್ಡ್ ಹೊರಗಿನಿಂದ ಬಂದಾಗ ದೇಹ ತನ್ನದೇ ಟೆಸ್ಟೋಸ್ಟೆರಾನ್ ತಯಾರಿಸುವುದನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ಯಕೃತ್ತಿಗೂ ಹೃದಯಕ್ಕೂ ಏಟು ಬೀಳುತ್ತದೆ.

ಪರೀಕ್ಷೆ ಹತ್ತಿರ ಬಂದಾಗ ಎನರ್ಜಿ ಡ್ರಿಂಕಿನ ಸರದಿ. ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಇಂಥ ಪಾನೀಯದ ಒಂದು ಲೀಟರಿನಲ್ಲಿ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಅದು ನಿದ್ದೆಯನ್ನು ಮುಂದೂಡುತ್ತದೆ, ಆಯಾಸವನ್ನು ಅಳಿಸುವುದಿಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿಯೇ ಆದ್ದರಿಂದ ರಾತ್ರಿಯಿಡೀ ಡಬ್ಬಿ ಕುಡಿದು ಓದಿದವನಿಗೆ ದುಪ್ಪಟ್ಟು ನಷ್ಟ.

ಅರವತ್ತಾರು ದಿನ

ಹೊಸ ರೂಢಿ ಕೂರಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಮಧ್ಯಾಹ್ನದ ಊಟದ ಜತೆ ಒಂದು ಹಣ್ಣು ತಿನ್ನುವುದು, ರಾತ್ರಿ ಊಟಕ್ಕೆ ಮೊದಲು ಕಾಲು ಗಂಟೆ ಓಡುವುದು ಇಂಥ ಒಂದೊಂದು ಕೆಲಸವನ್ನು ಆ 96 ಮಂದಿ ಆರಿಸಿಕೊಂಡಿದ್ದರು. ಆ ಕೆಲಸ ಯೋಚಿಸದೆ ತಾನಾಗಿ ಆಗುವ ಹಂತಕ್ಕೆ ಬರಲು ಹಿಡಿದದ್ದು ಸರಾಸರಿ 66 ದಿನ. ಬೇಗ ಹತ್ತಿಸಿಕೊಂಡವರಿಗೆ 18 ದಿನ ಸಾಕಾಯಿತು. ನಿಧಾನದವರಿಗೆ 254 ದಿನ ಬೇಕಾಗಬಹುದೆಂದು ಲೆಕ್ಕ ಹೇಳಿತು. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡಲಿಲ್ಲ.

ಇದರಿಂದ ಕಲಿಯಬೇಕಾದದ್ದು ಎರಡು. ಹೊಸ ಕೆಲಸವನ್ನು ಈಗಾಗಲೇ ಇರುವ ದಿನಚರಿಯ ಒಂದು ಗಳಿಗೆಗೆ ಕಟ್ಟಬೇಕು. ‘ನಾಳೆಯಿಂದ ಚೆನ್ನಾಗಿ ತಿನ್ನುತ್ತೇನೆ’ ಎಂಬುದು ಮೂರನೇ ದಿನಕ್ಕೆ ಮರೆತುಹೋಗುತ್ತದೆ. ‘ಸ್ನಾನವಾದ ಮೇಲೆ ಇಪ್ಪತ್ತು ಬಸ್ಕಿ’, ‘ಹನ್ನೊಂದರ ಬ್ರೇಕಿಗೆ ಬ್ಯಾಗಿನಲ್ಲಿ ಒಂದು ಬಾಳೆಹಣ್ಣು’ ಎಂಬುದು ಉಳಿಯುತ್ತದೆ. ಎರಡನೆಯದು, ಒಂದು ಸಲಕ್ಕೆ ಒಂದೇ ಸಾಕು. ಸೆಮಿಸ್ಟರಿಗೆ ಒಂದರಂತೆ ಹಿಡಿದರೂ ಡಿಗ್ರಿ ಮುಗಿಯುವ ಹೊತ್ತಿಗೆ ಆರು ಒಳ್ಳೆಯ ರೂಢಿ ಜತೆಗಿರುತ್ತವೆ. ಗೆಳೆಯರು ಕೂಡಿ ಮಾಡಿದರೆ ಇನ್ನೂ ಸುಲಭ. ಒಬ್ಬನೇ ಆದರೆ ಹಾಸಿಗೆ ಬಿಡುವುದು ಕಷ್ಟ, ಬಾಗಿಲಲ್ಲಿ ಇಬ್ಬರು ಕಾಯುತ್ತಿದ್ದರೆ ಏಳಲೇಬೇಕು.

ಹೇಳುವುದು ಶಾಸ್ತ್ರ

2016ರ ನವೆಂಬರಿನಲ್ಲಿ ಯುಜಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಕ್ಯಾಂಪಸ್ಸಿನಲ್ಲಿ ಜಂಕ್ ಫುಡ್ ಮಾರಾಟ ನಿಲ್ಲಿಸುವಂತೆ ಸುತ್ತೋಲೆ ಕಳಿಸಿತು. 2018ರ ಆಗಸ್ಟಿನಲ್ಲಿ ಅದನ್ನೇ ಮತ್ತೆ ನೆನಪಿಸಿತು. ಎರಡನೆಯದನ್ನು ಕಳಿಸಬೇಕಾಗಿ ಬಂತೆಂದರೆ ಮೊದಲನೆಯದರ ಗತಿ ಏನಾಗಿತ್ತೆಂದು ಊಹಿಸಬಹುದು. ಸೆಪ್ಟೆಂಬರ್ ಮೊದಲ ವಾರ ಕಾಲೇಜುಗಳಲ್ಲಿ ಪೋಷಣಾ ಸಪ್ತಾಹ ನಡೆಯುತ್ತದೆ. ಅತಿಥಿಗಳು ಸಿರಿಧಾನ್ಯದ ಮಹಿಮೆ ಹೇಳುತ್ತಾರೆ, ವಂದನಾರ್ಪಣೆ ಮುಗಿದ ಮೇಲೆ ಎಲ್ಲರಿಗೂ ಸಮೋಸ, ಜಿಲೇಬಿ, ಸಕ್ಕರೆ ಜಾಸ್ತಿಯ ಟೀ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನಿಷೇಧದ ಬೋರ್ಡಿಗಿಂತ ಜಾಗ ಬದಲಿಸುವುದು ಹೆಚ್ಚು ಫಲ ಕೊಡುತ್ತದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇದನ್ನು ಮಾಡಿ ನೋಡಿದರು. ತಿನಿಸುಗಳಿಗೆ ಕೆಂಪು, ಹಳದಿ, ಹಸಿರು ಚೀಟಿ ಅಂಟಿಸಿದರು. ನಂತರ ನೀರಿನ ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ತಂದು ಸಿಹಿ ಪಾನೀಯವನ್ನು ಕೈಗೆ ಸುಲಭವಾಗಿ ಸಿಗದ ಕಡೆ ಇಟ್ಟರು. ಬೆಲೆ ಏರಿಸಲಿಲ್ಲ, ಯಾವುದನ್ನೂ ನಿಲ್ಲಿಸಲಿಲ್ಲ. ಕೆಂಪು ಚೀಟಿಯ ಪಾನೀಯಗಳ ಮಾರಾಟ ಇಳಿಯಿತು, ನೀರಿನದು ಕಾಲು ಭಾಗದಷ್ಟು ಏರಿತು.

ನಮ್ಮ ಪ್ರಾಂಶುಪಾಲರೂ ಇಷ್ಟನ್ನು ಮಾಡಬಲ್ಲರು. ಕ್ಯಾಂಟೀನಿನ ಗುತ್ತಿಗೆ ನವೀಕರಿಸುವಾಗ ಬಾಳೆಹಣ್ಣು, ಬೇಯಿಸಿದ ಶೇಂಗಾ, ಮೊಟ್ಟೆ, ಮಜ್ಜಿಗೆ ಮುಂದಿನ ಕೌಂಟರಿನಲ್ಲಿ ಟೋಕನ್ ಇಲ್ಲದೆ ಸಿಗಬೇಕೆಂಬ ಷರತ್ತು ಸೇರಿಸಬಹುದು. ಬ್ರೇಕನ್ನು ಹದಿನೈದರಿಂದ ಇಪ್ಪತ್ತೈದು ನಿಮಿಷಕ್ಕೆ ಹಿಗ್ಗಿಸಬಹುದು. ವಾರದಲ್ಲಿ ಎರಡು ದಿನ ಕೊನೆಯ ಪಿರಿಯಡ್ಡನ್ನು ಮೈದಾನಕ್ಕೆ ಬಿಟ್ಟುಕೊಟ್ಟರೆ ಊರ ಬಸ್ಸಿನ ಹುಡುಗಿಯರೂ ಆಡಬಲ್ಲರು. ತಂಡ ಎಷ್ಟು ಕಪ್ ಗೆದ್ದಿತು ಎಂಬುದರ ಜತೆಗೆ ಎಷ್ಟು ಮಂದಿ ಬೆವರಿದರು ಎಂಬುದನ್ನೂ ದೈಹಿಕ ಶಿಕ್ಷಣ ನಿರ್ದೇಶಕರು ಬರೆದಿಡಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನೆರವಿನಿಂದ ವರ್ಷಕ್ಕೆರಡು ಸಲ ಹಿಮೋಗ್ಲೋಬಿನ್ ಪರೀಕ್ಷೆ ನಡೆಯಲಿ. ಹಾಸ್ಟೆಲಿನ ಮೆಸ್ ಸಮಿತಿ ಅಕ್ಕಿಯ ಮೂಟೆ ಒಂದು ಕಡಿಮೆ ಮಾಡಿ ಕಾಳಿನ ಚೀಲ ಒಂದು ಹೆಚ್ಚಿಸಲಿ. ಒಂದು ಎಚ್ಚರಿಕೆಯೂ ಬೇಕು. ತೂಕ ಅಳೆದು ಎಲ್ಲರೆದುರು ಕೂಗುವುದು, ದಪ್ಪ–ಸಣ್ಣ ಎಂದು ಹಂಗಿಸುವುದು ಯಾರನ್ನೂ ಮೈದಾನಕ್ಕೆ ತಂದಿಲ್ಲ, ಊಟ ಬಿಡುವಂತೆ ಮಾತ್ರ ಮಾಡಿದೆ.

ಪೋಷಕರಿಗೊಂದು ಮಾತು. ಮಗಳನ್ನೋ ಮಗನನ್ನೋ ಕಾಲೇಜಿಗೆ ಸೇರಿಸಲು ಹೋದಾಗ ಶುಲ್ಕ ಎಷ್ಟು, ಫಲಿತಾಂಶ ಎಷ್ಟು, ಕ್ಯಾಂಪಸ್ ಸೆಲೆಕ್ಷನ್ ಎಷ್ಟು ಎಂದು ಕೇಳಿ ರಸೀದಿ ಪಡೆಯುತ್ತೀರಿ. ಮುಂದಿನ ಸಲ ಇನ್ನು ನಾಲ್ಕು ಪ್ರಶ್ನೆ ಸೇರಿಸಿ: ಹಾಸ್ಟೆಲಿನಲ್ಲಿ ತಿಂಡಿ ಎಷ್ಟು ಗಂಟೆಗೆ? ವಾರದಲ್ಲಿ ಎಷ್ಟು ದಿನ ಕಾಳು, ಸೊಪ್ಪು? ಮೈದಾನ ಹುಡುಗಿಯರಿಗೆ ಯಾವ ಹೊತ್ತಿಗೆ ಸಿಗುತ್ತದೆ? ಶೌಚಾಲಯವನ್ನು ಒಮ್ಮೆ ನೋಡಬಹುದೇ? ಹತ್ತು ಪೋಷಕರು ಕೇಳಿದರೆ ಆಡಳಿತ ಮಂಡಳಿ ನಕ್ಕು ಸುಮ್ಮನಾಗಬಹುದು. ನೂರು ಮಂದಿ ಕೇಳಿದರೆ ಉತ್ತರ ಸಿದ್ಧವಿಟ್ಟುಕೊಳ್ಳಲೇಬೇಕಾಗುತ್ತದೆ.